ವಾಂತಿ ಮಾತ್ರೆ ಪೆಪ್ಪರ್‌ಮೆಂಟ್ ಅಲ್ಲ ಸ್ವಾಮಿ!

ಬೆಳಗಿನ ಆರೂವರೆ ಗಂಟೆ. ಶಿವಮೊಗ್ಗದ ಬಸ್ ನಿಲ್ದಾಣ. ಘಟ್ಟ ಇಳಿಯುವ ಬಸ್ಸಿನ ಬಾಗಿಲಿಗೆ ಜೋತುಬಿದ್ದ ಹುಡುಗ ‘ತೀರ್ಥಳ್ಳಿ, ಆಗುಂಬೆ, ಹೆಬ್ರಿ, ಮಣಿಪಾಲ್, ಉಡ್ಪೀ’ ಎಂದು ಒಂದೇ ಉಸಿರಿಗೆ ಕೂಗುತ್ತಾನೆ. ಸೀಟಿಗೆ ಟವೆಲ್ ಹಾಕಿ ಬಂದ ಪ್ರಯಾಣಿಕರು ಮೊದಲು ನುಗ್ಗುವುದು ಪಕ್ಕದ ಗೂಡಂಗಡಿಗೆ. ಎರಡು ಬಾಳೆಹಣ್ಣು, ಒಂದು ನಿಂಬೆಹಣ್ಣು, ಮಡಚಿದ ಎರಡು ಕವರು. ಆಮೇಲೆ ದನಿ ತಗ್ಗಿಸಿ, ‘ಒಂದು ವಾಂತಿ ಮಾತ್ರೆ ಕೊಡ್ರೀ’.

ಅಂಗಡಿಯವರು ಬೀಡಿ ಕಟ್ಟಿನ ಹಿಂದಿನಿಂದ ಮಾತ್ರೆಯ ಪಟ್ಟಿ ಎಳೆದು, ಕತ್ತರಿಯಿಂದ ಚಕ್ಕೆಂದು ಒಂದನ್ನು ಕತ್ತರಿಸಿ ಚಿಲ್ಲರೆಯ ಜೊತೆ ಕೊಡುತ್ತಾರೆ. ಮಾತ್ರೆಯ ಹೆಸರು ಒಂದು ತುಂಡಿನಲ್ಲಿ, ತಾರೀಖು ಇನ್ನೊಂದು ತುಂಡಿನಲ್ಲಿ, ಎಚ್ಚರಿಕೆಯ ಮಾತು ಅಂಗಡಿಯ ಡಬ್ಬಿಯಲ್ಲೇ ಬಾಕಿ. ಕೊಂಡವರು ಅದನ್ನು ಜೇಬಿಗೆ ಹಾಕಿಕೊಂಡು ಬಸ್ ಹತ್ತುತ್ತಾರೆ. ನುಂಗುವುದು ಯಾವಾಗ? ಆಗುಂಬೆ ಬಂದಾಗ. ಬಾಯಲ್ಲಿ ನೀರೂರಿ, ಹಣೆ ತಣ್ಣಗೆ ಬೆವರಿ, ಪಕ್ಕದವರು ಮೆಲ್ಲಗೆ ಸರಿದು ಕೂತ ಮೇಲೆ. ಘಾಟಿಯ 14 ತಿರುವಿನಲ್ಲಿ ಎರಡೋ ಮೂರೋ ಮುಗಿಯುವಷ್ಟರಲ್ಲಿ ಬಾಳೆಹಣ್ಣೂ ಹೊರಗೆ, ಮಾತ್ರೆಯೂ ಹೊರಗೆ.

‘ಥೂ, ಈ ಮಾತ್ರೆಯಿಂದ ಏನೂ ಪ್ರಯೋಜನ ಇಲ್ಲ ಕಣ್ರೀ’ ಎಂದು ಸೋಮೇಶ್ವರದಲ್ಲಿ ಮುಖ ತೊಳೆಯುವಾಗ ಬೈಗುಳ. ಇನ್ನು ಕೆಲವರದ್ದು ಉಲ್ಟಾ ಪಾಡು. ಮಾತ್ರೆ ಚೆನ್ನಾಗಿಯೇ ಹತ್ತಿ, ಹೆಬ್ರಿಯಲ್ಲಿ ಇಳಿಯಬೇಕಾದವರು ಕಂಡಕ್ಟರ್ ಭುಜ ತಟ್ಟಿದರೂ ಏಳದೆ ಉಡುಪಿ ಸೇರುತ್ತಾರೆ.

ಇವೆರಡೂ ನಕ್ಕು ಮರೆಯುವಂಥ ಪ್ರಸಂಗಗಳು. ನಗಲಾರದ ಪ್ರಸಂಗಗಳೂ ಇವೆ. ಎಲ್ಲವೂ ಹುಟ್ಟುವುದು ಒಂದೇ ತಪ್ಪು ತಿಳಿವಳಿಕೆಯಿಂದ. ವಾಂತಿ ಬರುವುದು ಹೊಟ್ಟೆಯಿಂದ, ಆದ್ದರಿಂದ ಇದು ಹೊಟ್ಟೆಯ ಮಾತ್ರೆ ಎಂದು ಜನ ನಂಬಿದ್ದಾರೆ. ಹೊಟ್ಟೆಯದಲ್ಲ ಸ್ವಾಮಿ, ಇದು ಮಿದುಳಿನ ಮಾತ್ರೆ.

ಕಿವಿಗೂ ಕಣ್ಣಿಗೂ ಜಗಳ

ಬಸ್ಸಿನಲ್ಲಿ ವಾಂತಿ ಯಾಕೆ ಬರುತ್ತದೆ ಎಂದರೆ ‘ಪಿತ್ತ ಕೆರಳಿತು’ ಎನ್ನುತ್ತಾರೆ ಹಿರಿಯರು, ‘ಡೀಸೆಲ್ ವಾಸನೆ’ ಎನ್ನುತ್ತಾರೆ ಕಿರಿಯರು. ವಾಸನೆ ಸ್ವಲ್ಪ ತುಪ್ಪ ಸುರಿಯುತ್ತದೆ, ಸುಳ್ಳಲ್ಲ. ಆದರೆ ಬೆಂಕಿ ಹತ್ತುವುದು ಕಿವಿಯ ಒಳಗೆ. ಶಬ್ದ ಕೇಳುವ ಭಾಗದ ಪಕ್ಕದಲ್ಲೇ ಅರ್ಧಚಂದ್ರಾಕಾರದ ಮೂರು ಸಣ್ಣ ನಾಳಗಳಿವೆ. ಅವುಗಳಲ್ಲಿ ನೀರಿನಂಥ ದ್ರವ. ತಲೆ ಯಾವ ಕಡೆ ತಿರುಗಿತು ಎಂದು ಮಿದುಳಿಗೆ ತಿಳಿಸುವುದು ಆ ದ್ರವದ ಅಲುಗಾಟ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ನೋಡುವ ರಸಮಟ್ಟ ಇದೆಯಲ್ಲ, ಹೆಚ್ಚುಕಡಿಮೆ ಹಾಗೆ.

ಬಸ್ಸು ತಿರುವಿನಲ್ಲಿ ವಾಲಿದಾಗ ಕಿವಿ ‘ತಿರುಗುತ್ತಿದ್ದೇವೆ’ ಎಂದು ವರದಿ ಕಳಿಸುತ್ತದೆ. ಕಣ್ಣು ಮುಂದಿನ ಸೀಟಿನ ಬೆನ್ನನ್ನೋ ಕೈಯಲ್ಲಿರುವ ಮೊಬೈಲನ್ನೋ ನೋಡುತ್ತಾ ‘ಎಲ್ಲಿ? ಎಲ್ಲ ನಿಂತಲ್ಲೇ ಇದೆಯಲ್ಲ’ ಎನ್ನುತ್ತದೆ. ಇಬ್ಬರ ಜಗಳ ಬಿಡಿಸಲಾರದ ಮಿದುಳು ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. ಡ್ರೈವರಿಗೆ ಈ ಕಾಟ ಅಪರೂಪ. ತಿರುವು ಬರುವುದು ಅವನಿಗೆ ಮೊದಲೇ ಗೊತ್ತು, ಕಣ್ಣು ರಸ್ತೆಯ ಮೇಲೇ ಇರುತ್ತದೆ, ತಿರುಗಿಸುವವನೂ ಅವನೇ. ಅಮೆರಿಕದ ವಿದ್ವಾಂಸ ವಿಲಿಯಂ ಜೇಮ್ಸ್ 1882ರಷ್ಟು ಹಿಂದೆಯೇ ಕಿವುಡ-ಮೂಗರನ್ನು ಪರೀಕ್ಷಿಸಿ, ಅವರಲ್ಲಿ ಅನೇಕರಿಗೆ ಗಿರಗಿರ ಸುತ್ತಿಸಿದರೂ ತಲೆ ತಿರುಗುವುದಿಲ್ಲ ಎಂದು ಬರೆದಿದ್ದ. ಒಳಗಿವಿ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಬಸ್ ವಾಂತಿಯ ಭಯವಿಲ್ಲ.

ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಹೆಚ್ಚು. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಬಸುರಿಯರಿಗೆ ಇನ್ನೂ ಹೆಚ್ಚು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕವರು ಕೇಳಿದವರನ್ನು ಕಂಡು ಮೂಗು ಮುರಿಯುವ ಸಹಪ್ರಯಾಣಿಕರು ಹಡಗು ಹತ್ತಿ ನೋಡಲಿ, ಅವರ ಬಣ್ಣವೂ ಬಯಲಾಗುತ್ತದೆ.

ಟ್ರಾಮ್ ಹತ್ತಿದ ಗರ್ಭಿಣಿ

ಈ ಮಾತ್ರೆಗಳ ಕಥೆಯಲ್ಲೂ ಒಬ್ಬ ಪ್ರಯಾಣಿಕಳೇ ಬರುತ್ತಾಳೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರ್ ಊರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಒಬ್ಬ ಗರ್ಭಿಣಿ ಬಂದಳು. ಮೈತುಂಬ ಪಿತ್ತಗಂಧೆ. ಲೆಸ್ಲಿ ಗೇ ಮತ್ತು ಪಾಲ್ ಕಾರ್ಲೈನರ್ ಎಂಬ ವೈದ್ಯರು ಅಲರ್ಜಿಗೆಂದು ಹೊಸದೊಂದು ಔಷಧಿ ಕೊಟ್ಟರು. ಟ್ರಾಮ್ ಹತ್ತಿದರೆ ಸಾಕು ಹೊಟ್ಟೆ ತೊಳಸುತ್ತಿದ್ದ ಆ ಹೆಂಗಸು ಮುಂದಿನ ಸಲ ಬಂದಾಗ, ‘ಡಾಕ್ಟ್ರೇ, ಟ್ರಾಮಿನಲ್ಲಿ ಈಗ ಏನೂ ಆಗೋದಿಲ್ಲ’ ಎಂಬರ್ಥದ ಸುದ್ದಿ ಹೇಳಿದಳು. ವೈದ್ಯರ ಕಿವಿ ನೆಟ್ಟಗಾಯಿತು. ಮರುವರ್ಷ ಅಟ್ಲಾಂಟಿಕ್ ಸಾಗರ ದಾಟುವ ಸೈನಿಕರ ಹಡಗಿನಲ್ಲಿ ಪರೀಕ್ಷಿಸಿದರು, ಅಲ್ಲೂ ಗೆದ್ದಿತು. ಡ್ರಾಮಮೈನ್ ಎಂಬ ಮಾತ್ರೆ ಲೋಕಪ್ರಸಿದ್ಧವಾದದ್ದು ಹೀಗೆ.

ನಮ್ಮ ಕಡೆ ಮನೆಮಾತಾಗಿರುವ ಅವೊಮಿನ್ ಕೂಡ ಅದೇ ಬಳಗದ್ದು. ಅದರೊಳಗಿನ ಔಷಧಿ ಪ್ರೊಮೆಥಾಜಿನ್. ಮೆಕ್ಲಿಜಿನ್, ಸಿನ್ನಾರಿಜಿನ್ ಎಂಬವೂ ನೆಂಟರೇ. ಇವೆಲ್ಲ ಹಳೆಯ ಕಾಲದ ಅಲರ್ಜಿ ಔಷಧಿಗಳು. ರಕ್ತದಿಂದ ಮಿದುಳಿನೊಳಗೆ ನುಗ್ಗಿ, ಕಿವಿಯಿಂದ ಬರುವ ದೂರಿನ ದನಿಯನ್ನು ತಗ್ಗಿಸುವುದೇ ಇವುಗಳ ಕೆಲಸ. ಹಾಗೆ ನುಗ್ಗುವುದರಿಂದಲೇ ನಿದ್ದೆಯನ್ನೂ ಕರೆತರುತ್ತವೆ. ನಿದ್ದೆ ಬಾರದ ಹೊಸ ಅಲರ್ಜಿ ಮಾತ್ರೆಗಳು ಬಂದಿವೆಯಲ್ಲ, ಅವನ್ನೇ ನುಂಗಿದರಾಗದೇ ಎಂದು ಬುದ್ಧಿವಂತರು ಕೇಳುತ್ತಾರೆ. ಆಗದು. ಮಿದುಳಿಗೆ ಸರಿಯಾಗಿ ಹೋಗದ ಔಷಧಿ ಘಾಟಿಯಲ್ಲಿ ಕೆಲಸಕ್ಕೆ ಬಾರದು.

ಯಾವಾಗ ನುಂಗಬೇಕು?

ವಾಕರಿಕೆ ಶುರುವಾದ ಮೇಲೆ ನುಂಗುವುದು ಮಳೆ ಬಂದ ಮೇಲೆ ಹೆಂಚು ಹೊದಿಸಿದ ಹಾಗೆ. ಒಮ್ಮೆ ಹೊಟ್ಟೆ ತೊಳಸತೊಡಗಿತೆಂದರೆ ಜಠರ ತನ್ನ ಕೆಲಸ ನಿಧಾನ ಮಾಡುತ್ತದೆ. ಒಳಗೆ ಬಿದ್ದ ಮಾತ್ರೆ ಮುಂದೆ ಸಾಗಿ ರಕ್ತ ಸೇರುವುದೇ ತಡ. ಅಷ್ಟರಲ್ಲಿ ವಾಂತಿಯಾದರೆ ಅದೂ ಇಲ್ಲ. ಅದಕ್ಕೇ ಅವೊಮಿನ್‌ನಂಥ 25 ಮಿಲಿಗ್ರಾಂ ಮಾತ್ರೆಯನ್ನು ದೊಡ್ಡವರು ಪ್ರಯಾಣಕ್ಕೆ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ದೂರದ ಪ್ರಯಾಣವಾದರೆ ಹಿಂದಿನ ರಾತ್ರಿ ಮಲಗುವಾಗ ತೆಗೆದುಕೊಳ್ಳುವ ಕ್ರಮವೂ ಇದೆ. ಡ್ರಾಮಮೈನ್ ಬಗೆಯದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಸಾಕು, ಆದರೆ ಅದರ ಕಸುವು ನಾಲ್ಕರಿಂದ ಆರು ಗಂಟೆ ಮಾತ್ರ. ಒಂದೊಂದರ ಲೆಕ್ಕ ಒಂದೊಂದು. ಹೆಸರಿಲ್ಲದ ತುಂಡು ಮಾತ್ರೆಗೆ ಯಾವ ಲೆಕ್ಕ ಹಾಕುತ್ತೀರಿ?

ಶಿವಮೊಗ್ಗ ಬಿಟ್ಟು ಆಗುಂಬೆ ಮುಟ್ಟಲು ಬಸ್ಸಿಗೆ ಎರಡು ಗಂಟೆಯ ಮೇಲಾಗುತ್ತದೆ. ಘಾಟಿಯ ತಿರುವಿಗೆ ಮಾತ್ರ ಹೆದರುವವರು ಬಸ್ ಹತ್ತುವಾಗಲೇ ನುಂಗಿದರೆ ಹಿಡಿತ ಸಿಗುತ್ತದೆ. ಮಂಡಗದ್ದೆಯ ತಿರುವಿಗೇ ಮುಖ ಬಾಡುವವರು ಮನೆಯಲ್ಲೇ ನುಂಗಿ ಹೊರಡಬೇಕು. ತೀರ್ಥಹಳ್ಳಿಯಲ್ಲಿ ಕಾಫಿಯ ಜೊತೆ ನುಂಗುತ್ತೇನೆ ಎನ್ನುವವರು ಅದೃಷ್ಟವನ್ನು ನಂಬಿ ಕೂರಬೇಕಾಗುತ್ತದೆ.

ಬಂದ ಸಂಕಟ ಇಳಿಯಲಿಲ್ಲವೆಂದು ಅರ್ಧ ಗಂಟೆಗೆ ಇನ್ನೊಂದು ನುಂಗುವವರಿದ್ದಾರೆ. ಮೊದಲನೆಯದು ಎಲ್ಲೂ ಹೋಗಿರುವುದಿಲ್ಲ, ತಡವಾಗಿ ಏರುತ್ತಿರುತ್ತದೆ ಅಷ್ಟೆ. ಎರಡೂ ಸೇರಿ ಏರಿದಾಗ ಬಾಯಿ ಒಣಗಿ, ಕಣ್ಣು ಮಂಜಾಗಿ, ಮಾತು ತೊದಲಿ, ಇಳಿಯುವ ಸ್ಟಾಪಿನಲ್ಲಿ ಮೆಟ್ಟಿಲು ತಪ್ಪುತ್ತದೆ.

ಸ್ಟೇರಿಂಗ್ ಹಿಡಿಯುವವರಿಗೆ ಮುಟ್ಟಬೇಡಿ

ಬಸ್ಸಿನಲ್ಲಿ ಕೂತು ಹೋಗುವವರು ನಿದ್ದೆ ಮಾಡಿದರೆ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಸ್ಟಾಪು. ಕಾರು, ಲಗೇಜ್ ಆಟೋ, ಸ್ಕೂಟರ್ ಓಡಿಸುವವರ ಕಥೆ ಹಾಗಲ್ಲ. ಅಂಗಡಿ ಬಾಗಿಲು ಹಾಕಿಕೊಂಡು ಸಂಸಾರ ಸಮೇತ ಧರ್ಮಸ್ಥಳಕ್ಕೆ ಹೊರಟ ವ್ಯಾಪಾರಿಗಳು ಹೆಂಡತಿ ಮಕ್ಕಳಿಗೆ ಕೊಟ್ಟು, ‘ನಂದೂ ಒಂದಿರಲಿ’ ಎಂದು ತಾವೂ ಬಾಯಿಗೆ ಹಾಕಿಕೊಳ್ಳುವುದುಂಟು. ಓಡಿಸುವವರಿಗೆ ಅದು ಬೇಕಾಗುವುದೇ ಇಲ್ಲ ಎಂಬುದು ಒಂದು. ನಿದ್ದೆ ಬಂದಿಲ್ಲ ಅನ್ನಿಸಿದರೂ ಕೈಕಾಲಿನ ಚುರುಕು ತಗ್ಗಿರುತ್ತದೆ ಎಂಬುದು ಇನ್ನೊಂದು. ಎದುರಿಗೆ ಲಾರಿ ಬಂದಾಗ ಬ್ರೇಕಿಗೆ ಕಾಲು ಹೋಗುವುದು ಒಂದು ಚಿಟಿಕೆ ತಡವಾದರೆ ಚಾರ್ಮಾಡಿಯ ಕಣಿವೆ ಕಾಯುತ್ತಿರುತ್ತದೆ. ರಾತ್ರಿ ನುಂಗಿದ ಪ್ರೊಮೆಥಾಜಿನ್‌ನ ಮಂಪರು ಮರುದಿನ ಬೆಳಿಗ್ಗೆಯೂ ಉಳಿದಿರಬಹುದು.

ಇದರ ಮೇಲೆ ಗುಂಡು ಹಾಕಿದರೆ ಕೇಳಬೇಡಿ, ಒಂದಕ್ಕೆ ಒಂದು ಸೇರಿ ಎರಡಾಗುವುದಿಲ್ಲ, ನಾಲ್ಕಾಗುತ್ತದೆ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೂ ಅದೇ ಗತಿ. ನೆಗಡಿ ಮಾತ್ರೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅನೇಕ ನೆಗಡಿ ಮಾತ್ರೆಗಳಲ್ಲಿ ಇದೇ ಬಳಗದ ನಿದ್ದೆ ತರಿಸುವ ಔಷಧಿ ಇರುತ್ತದೆ. ನೆಗಡಿಗೆ ಒಂದು, ಘಾಟಿಗೆ ಒಂದು ಎಂದರೆ ಅದು ಒಂದೇ ಜಾತಿಯ ಎರಡು.

ಆಗುಂಬೆಯ ದಾರಿಯಲ್ಲಿ ಇದನ್ನು ಒತ್ತಿ ಹೇಳಬೇಕು. ಯಾಕೆಂದರೆ ಆ ಬಸ್ಸುಗಳಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಮಣಿಪಾಲದ ಆಸ್ಪತ್ರೆಗೆ ಹೊರಟ ರೋಗಿಗಳು. ಮಡಿಲಲ್ಲಿ ಎಕ್ಸ್‌ರೇ ಚೀಲ, ಒಳಗೆ ಹತ್ತು ತರಹದ ಮಾತ್ರೆ. ಕಣ್ಣಿನ ಒತ್ತಡದ ಕಾಯಿಲೆ, ಅಂದರೆ ಗ್ಲುಕೋಮಾ ಇದ್ದವರಲ್ಲಿ ಕೆಲವರಿಗೆ ಈ ಮಾತ್ರೆ ಕಣ್ಣಿಗೇ ಕುತ್ತು ತರಬಹುದು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ವಯಸ್ಸಾದ ಗಂಡಸರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು. ಘಾಟಿ ಇಳಿಯುವ ಬಸ್ಸಿನಲ್ಲಿ ಹೊಟ್ಟೆ ಉಬ್ಬರಿಸಿ, ಹೋಗಲೂ ಆಗದೆ ಕೂರಲೂ ಆಗದೆ ಒದ್ದಾಡುವ ಮುದುಕರ ಪಾಡು ವೈರಿಗೂ ಬೇಡ. ಬಸುರಿಯರು, ಹಾಲೂಡುವ ತಾಯಂದಿರು ತಮ್ಮ ಡಾಕ್ಟರನ್ನು ಕೇಳದೆ ಯಾವುದನ್ನೂ ನುಂಗುವುದು ಬೇಡ.

ಮಗುವಿಗೆ ಅರ್ಧ ಮುರಿದು...

‘ದೊಡ್ಡೋರಿಗೆ ಒಂದು, ಮಗೂಗೆ ಅರ್ಧ, ಕೂಸಿಗೆ ಕಾಲು’ ಎಂಬ ಅಂಗಡಿ ಲೆಕ್ಕ ಬೆಲ್ಲಕ್ಕೆ ಸರಿ. ಪ್ರೊಮೆಥಾಜಿನ್ ಎರಡು ವರ್ಷದೊಳಗಿನ ಕೂಸಿಗೆ ಕೂಡದು. ಉಸಿರಾಟವೇ ಕುಗ್ಗಿ ಪ್ರಾಣ ಹೋದ ಪ್ರಕರಣಗಳು ವರದಿಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2004ರಲ್ಲಿ ಆ ಔಷಧಿಯ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಹಾಕಿಸಿತು. ತಮಾಷೆ ಎಂದರೆ, ಎರಡು ವರ್ಷದೊಳಗಿನ ಮಕ್ಕಳಿಗೆ ಬಸ್ಸಿನ ವಾಂತಿ ಬರುವುದೇ ಅಪರೂಪ. ಇಲ್ಲದ ಕಾಯಿಲೆಗೆ ಇಲ್ಲದ ಅಪಾಯ ಕೊಂಡಂತೆ. ಕೂಸು ಗಲಾಟೆ ಮಾಡದೆ ಮಲಗಿರಲಿ ಎಂದು ಕೊಡುವವರೂ ಇದ್ದಾರೆ. ಇದಕ್ಕೆ ಏನು ಹೇಳುವುದು!

ಸ್ವಲ್ಪ ದೊಡ್ಡ ಮಕ್ಕಳಿಗೆ ವಯಸ್ಸು, ತೂಕ ನೋಡಿ ವೈದ್ಯರು ಬರೆದುಕೊಟ್ಟ ಪ್ರಮಾಣವೇ ಪ್ರಮಾಣ. ಕೆಲವು ಮಕ್ಕಳಿಗೆ ನಿದ್ದೆಯ ಬದಲು ಹುಚ್ಚಾಟ ಏರುತ್ತದೆ, ರಚ್ಚೆ ಹಿಡಿಯುತ್ತಾರೆ. ಅದಕ್ಕೆ ಇನ್ನೊಂದು ಚೂರು ಕೊಡುವುದು ಉತ್ತರವಲ್ಲ.

ನಾಟಿ ಔಷಧಿಯ ಮಾತು ಬಂತೆಂದು ಒಂದು ವಿಷಯ. ವಿದೇಶದಲ್ಲಿ ಹಡಗಿನ ವಾಂತಿಗೆ ಹಯೊಸಿನ್ ಎಂಬುದನ್ನು ಕಿವಿಯ ಹಿಂದೆ ಪಟ್ಟಿಯಾಗಿ ಅಂಟಿಸುತ್ತಾರೆ. ಆ ಹಯೊಸಿನ್ ನಮ್ಮ ತಿಪ್ಪೆಯ ಪಕ್ಕದ ಉಮ್ಮತ್ತಿ ಗಿಡದಲ್ಲೂ ಇದೆ. ಇದನ್ನು ಓದಿ ಯಾರಾದರೂ ಉಮ್ಮತ್ತಿ ಬೀಜಕ್ಕೆ ಕೈ ಹಾಕಿಯಾರು! ಬೀಜದಲ್ಲಿ ಎಷ್ಟು ವಿಷ ಇದೆಯೆಂದು ಕಣ್ಣಳತೆಗೆ ಸಿಗುವುದಿಲ್ಲ. ಹುಚ್ಚು ಹಿಡಿದಂತಾಗಿ ಆಸ್ಪತ್ರೆ ಸೇರಿದವರು, ಸತ್ತವರು ಹಿಂದಿನಿಂದಲೂ ಇದ್ದಾರೆ.

ಕತ್ತು ತಿರುಚಿದರೆ ದೆವ್ವ ಅಲ್ಲ

ವಾಂತಿ ಮಾತ್ರೆ ಎಂದರೆ ಒಂದೇ ಮಾತ್ರೆ ಎಂದುಕೊಂಡಿರುವುದು ಇನ್ನೊಂದು ಅನಾಹುತ. ಜ್ವರದ ವಾಂತಿಗೆ, ಹೊಟ್ಟೆ ಕೆಟ್ಟ ವಾಂತಿಗೆ, ಆಪರೇಷನ್ ನಂತರದ ವಾಂತಿಗೆ ಬೇರೆ ಬೇರೆ ಔಷಧಿಗಳಿವೆ. ಹೋದ ವರ್ಷ ಮಗಳ ಜ್ವರಕ್ಕೆ ಡಾಕ್ಟರು ಕೊಟ್ಟದ್ದು ಕಪಾಟಿನಲ್ಲಿ ಉಳಿದಿರುತ್ತದೆ. ಅದನ್ನೇ ಬಸ್ಸಿಗೆ ಬಳಸುತ್ತಾರೆ. ಒಂಡಾನ್ಸೆಟ್ರಾನ್, ಡೊಂಪೆರಿಡೋನ್ ಒಳ್ಳೆಯ ಔಷಧಿಗಳೇ, ಆದರೆ ಕಿವಿ-ಕಣ್ಣಿನ ಈ ಜಗಳ ಬಿಡಿಸಲು ಬರುವವಲ್ಲ. ಹೊಟ್ಟೆ ನುಲಿತದ ಬಸ್ಕೊಪಾನ್ ಕೂಡ ಮಿದುಳು ಮುಟ್ಟುವುದಿಲ್ಲ.

ಅವು ಬರೀ ವ್ಯರ್ಥ. ಸ್ಟೆಮೆಟಿಲ್ ಎಂಬ ಹೆಸರಿನ ಪ್ರೊಕ್ಲೋರ್‌ಪೆರಜಿನ್, ಪೆರಿನಾರ್ಮ್ ಎಂಬ ಹೆಸರಿನ ಮೆಟೊಕ್ಲೋಪ್ರಮೈಡ್, ಇವೆರಡರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಡಾಕ್ಟರ ಕೈಯಲ್ಲಿ ಇವು ಉಪಯುಕ್ತ. ಆದರೆ ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ ಒಮ್ಮೊಮ್ಮೆ ವಿಚಿತ್ರ ಪರಿಣಾಮವಾಗುತ್ತದೆ. ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ದವಡೆ ಬಿಗಿದು ನಾಲಿಗೆ ಹೊರಚಾಚುತ್ತದೆ. ಹುಡುಗಿಗೆ ಪ್ರಜ್ಞೆ ಪೂರ್ತಿ ಇರುತ್ತದೆ, ಹೇಳಲು ಮಾತ್ರ ಆಗುವುದಿಲ್ಲ.

ಆ ಹೊತ್ತಿಗೆ ಮನೆಯವರು ಏನು ಮಾಡುತ್ತಾರೆ? ‘ದಾರೀಲಿ ಏನೋ ಮೆಟ್ಟಿಕೊಂಡಿದೆ’ ಎಂದು ಯಂತ್ರ ಕಟ್ಟಿಸಲು ಓಡುತ್ತಾರೆ, ಇಲ್ಲವೇ ಫಿಟ್ಸ್ ಎಂದು ಕೈಗೆ ಬೀಗದ ಕೈ ತುರುಕುತ್ತಾರೆ. ಬೇವಿನ ಸೊಪ್ಪಿನ ಏಟೂ ಬೀಳಬಹುದು. ಆಸ್ಪತ್ರೆಯಲ್ಲಿ ಗೊತ್ತಿದ್ದವರು ಮೊದಲು ಕೇಳುವುದು, ‘ಯಾವ ಮಾತ್ರೆ ಕೊಟ್ರಿ?’ ಎಂದು. ಹೆಸರು ತಿಳಿದರೆ ಸರಿಯಾದ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ನೇರವಾಗುತ್ತದೆ. ಬಸ್ ವಾಂತಿಗೆ ಕೊಡುವ ಪ್ರೊಮೆಥಾಜಿನ್ ಇದೆಯಲ್ಲ, ಅದೇ ಔಷಧಿಯನ್ನು ಸೂಜಿಯಲ್ಲಿ ಇದಕ್ಕೂ ಬಳಸುವುದುಂಟು. ಹೆಸರು ಇದ್ದ ತುಂಡು ಮಾತ್ರ ಬಸ್‌ಸ್ಟ್ಯಾಂಡಿನ ಗೂಡಂಗಡಿಯ ಡಬ್ಬಿಯಲ್ಲಿ ಉಳಿದಿರುತ್ತದೆ.

ತಲೆ ಸುತ್ತು ಬೇರೆಯೇ ಕಥೆ

ಪ್ರಯಾಣ ಮುಗಿದ ಮೇಲೆ ಉಳಿದ ಮಾತ್ರೆ ಎಲ್ಲಿಗೆ ಹೋಗುತ್ತದೆ? ಅಜ್ಜಿಯ ತಲೆದಿಂಬಿನ ಕೆಳಗೆ. ‘ಬಸ್ಸಲ್ಲಿ ತಲೆ ಸುತ್ತೋದಕ್ಕೆ ಇದು, ಮನೇಲಿ ಸುತ್ತಿದರೂ ಇದೇ’ ಎನ್ನುವುದು ಲೆಕ್ಕ. ಕನ್ನಡದಲ್ಲಿ ತಲೆಸುತ್ತು ಎಂಬ ಒಂದೇ ಮಾತಿಗೆ ಹತ್ತು ಕಾಯಿಲೆ ಜೋತುಬಿದ್ದಿವೆ. ಕೋಣೆ ಗಿರಗಿರ ತಿರುಗಿದರೂ ತಲೆಸುತ್ತು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೂ ತಲೆಸುತ್ತು. ನಡೆಯುವಾಗ ಜೋಲಿ ಹೊಡೆದರೂ, ಹಸಿವಿಗೆ ಬವಳಿ ಬಂದರೂ ತಲೆಸುತ್ತೇ. ಡಾಕ್ಟರ ಮುಂದೆ ಇವನ್ನು ಬಿಡಿಸಿ ಹೇಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ.

ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಬಿ.ಪಿ. ಮಾತ್ರೆ ಹೆಚ್ಚಾದದ್ದು ಕಾರಣವಿರಬಹುದು, ರಕ್ತ ಕಡಿಮೆ ಇರಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ತಿಂಡಿ ತಿನ್ನದೆ ಬಸ್ ಹತ್ತಿದರೆ ಸಕ್ಕರೆ ಕುಸಿದು ತಲೆ ತಿರುಗುತ್ತದೆ. ಅವರಿಗೆ ಬೇಕಾದದ್ದು ಎರಡು ಚಮಚ ಸಕ್ಕರೆ, ಅವೊಮಿನ್ ಅಲ್ಲ. ಅದನ್ನು ಕೊಟ್ಟು ಮಲಗಿಸಿದರೆ ಆ ನಿದ್ದೆಯೇ ಪ್ರಜ್ಞೆ ತಪ್ಪಿದ್ದನ್ನು ಮುಚ್ಚಿಬಿಡುತ್ತದೆ.

ಮಗ್ಗುಲು ಬದಲಿಸಿದಾಗ, ತಲೆ ಎತ್ತಿ ಅಟ್ಟ ನೋಡಿದಾಗ ಮನೆಯೇ ಗಿರಕಿ ಹೊಡೆದು, ಒಂದು ನಿಮಿಷದೊಳಗೆ ನಿಲ್ಲುತ್ತದೆಯೇ? ಅದು ಬಹುತೇಕ ಒಳಗಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ನಾಳಕ್ಕೆ ಬಿದ್ದದ್ದು. ಅಂಗಡಿಗಳಲ್ಲಿ ಮೇಲಿನ ಹಲಗೆಯ ಡಬ್ಬಿ ಇಳಿಸುವವರಿಗೆ ಇದರ ಪರಿಚಯ ಇದ್ದೀತು. ಮಾತ್ರೆಗೆ ಹರಳು ಕರಗುವುದಿಲ್ಲ. ಅಮೆರಿಕದ ಜಾನ್ ಎಪ್ಲಿ ಎಂಬ ಕಿವಿ ವೈದ್ಯ 1992ರಲ್ಲಿ ಪ್ರಕಟಿಸಿದ ಉಪಾಯ ಇದೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಉರುಳಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಎಷ್ಟೋ ಜನ ಅದನ್ನು ಮಾಡಿಸಿಕೊಳ್ಳದೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುತ್ತಾರೆ.

ಈ ‘ವರ್ಷಗಟ್ಟಲೆ’ ಎಂಬುದೇ ಕಂಟಕ. ಜೋರು ತಲೆಸುತ್ತಿಗೆ ಡಾಕ್ಟರು ಮೂರು ದಿನಕ್ಕೋ ಐದು ದಿನಕ್ಕೋ ಬರೆದ ಚೀಟಿಯನ್ನು ತೋರಿಸಿ ತೋರಿಸಿ ಸವೆಯುವವರೆಗೆ ಮಾತ್ರೆ ತರಿಸುತ್ತಾರೆ. ಕಿವಿ ಕೆಟ್ಟಾಗ ಮಿದುಳು ತಾನೇ ಹೊಂದಿಕೊಳ್ಳಲು ಕಲಿಯುತ್ತದೆ. ಮಂಕು ಹಿಡಿಸುವ ಮಾತ್ರೆ ದಿನವೂ ಬಿದ್ದರೆ ಆ ಪಾಠ ನಿಧಾನವಾಗುತ್ತದೆ. ಸ್ಟುಜೆರಾನ್ ಎಂಬ ಹೆಸರಿನ ಸಿನ್ನಾರಿಜಿನ್ ಅನ್ನು ವಯಸ್ಸಾದವರು ತಿಂಗಳಾನುಗಟ್ಟಲೆ ನುಂಗಿದರೆ ಕೆಲವರ ಕೈ ನಡುಗತೊಡಗುತ್ತದೆ, ಹೆಜ್ಜೆ ಸಣ್ಣದಾಗುತ್ತದೆ, ಮುಖದ ಕಳೆ ಹೋಗುತ್ತದೆ. ಪಾರ್ಕಿನ್ಸನ್ ಕಾಯಿಲೆಯ ತದ್ರೂಪು. ‘ವಯಸ್ಸಾಯ್ತು, ನಡುಕ ಬಂತು’ ಎಂದು ಮನೆಯವರು ಸುಮ್ಮನಾಗುತ್ತಾರೆ, ಅದಕ್ಕೂ ಇನ್ನೊಂದು ಮಾತ್ರೆ ಶುರುವಾಗುತ್ತದೆ. ಮೂಲ ಮಾತ್ರೆ ನಿಲ್ಲಿಸಿದರೆ ಹೆಚ್ಚಿನವರಲ್ಲಿ ನಡುಕ ತಿಂಗಳುಗಳಲ್ಲಿ ಇಳಿಯುತ್ತದೆ, ಎಲ್ಲರಲ್ಲೂ ಅಲ್ಲ. ಅಜ್ಜನ ಮಾತ್ರೆ ಡಬ್ಬಿಯನ್ನು ಒಮ್ಮೆ ಪೂರ್ತಿ ಡಾಕ್ಟರ ಮೇಜಿನ ಮೇಲೆ ಸುರಿಯುವುದು ಒಳ್ಳೆಯದು.

ವರ್ಟಿನ್ ಎಂದು ಸಿಗುವ ಬೀಟಾಹಿಸ್ಟಿನ್ ಬೇರೆ ಜಾತಿಯದು. ಅದನ್ನು ಒಳಗಿವಿಯ ಕೆಲವು ಕಾಯಿಲೆಗಳಿಗೆ ಬರೆಯುತ್ತಾರೆ. ಬಸ್ ವಾಂತಿಗೆ ಅದು ಔಷಧಿಯಲ್ಲ. ಉಬ್ಬಸ, ಹೊಟ್ಟೆ ಹುಣ್ಣು ಇದ್ದವರು ಅದನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಭಯದ್ದು ಇನ್ನೊಂದಿದೆ. ಇದ್ದಕ್ಕಿದ್ದಂತೆ ತಲೆ ಸುತ್ತಿ, ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ನಿಲ್ಲಲೇ ಆಗದಿದ್ದರೆ ಅದು ಬಸ್ಸಿನ ಸುತ್ತಲ್ಲ, ಲಕ್ವದ ಮುನ್ಸೂಚನೆ ಇರಬಹುದು. ಮಿದುಳಿನ ರಕ್ತನಾಳ ಕಟ್ಟಿಕೊಂಡವರಲ್ಲಿ ತಕ್ಕವರಿಗೆ ಗಡ್ಡೆ ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂ���ೆಯ ಗಡುವು. ‘ವಾಂತಿ ಮಾತ್ರೆ ಕೊಟ್ಟಿದ್ದೇವೆ, ಮಲಗಲಿ’ ಎಂದು ಬಾಗಿಲು ಎಳೆದುಕೊಂಡರೆ ಗಡುವು ನಿದ್ದೆಯಲ್ಲೇ ಕಳೆಯುತ್ತದೆ. 108ಕ್ಕೆ ಫೋನ್ ಮಾಡಿ, ತಲೆ ಸುತ್ತು ಶುರುವಾದ ಗಂಟೆಯನ್ನು ಬರೆದಿಟ್ಟುಕೊಳ್ಳಿ.

ಅಂಗಡಿಯವರಿಗೆ

ಗೂಡಂಗಡಿಯವರ ಮೇಲೆ ಇಲ್ಲಿ ಹಗೆ ಇಲ್ಲ. ಬೆಳಿಗ್ಗೆ ಆರಕ್ಕೆ ಔಷಧಿ ಅಂಗಡಿಯ ಬಾಗಿಲು ತೆರೆದಿರುವುದಿಲ್ಲ, ಕೇಳಿದವರ ಮುಖ ನೋಡಿದರೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಕಾಯಿದೆ ಏನಿದೆ ಎಂದು ತಿಳಿದಿರಲಿ. 1945ರ ಔಷಧ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಕೆಲವು ಮನೆಮದ್ದುಗಳನ್ನು ಮಾರುವ ವಿನಾಯಿತಿ ಇರುವುದು ಸಾವಿರ ಜನಸಂಖ್ಯೆ ಮೀರದ ಹಳ್ಳಿಗಳಲ್ಲಿ ಮಾತ್ರ. ಆ ಪಟ್ಟಿಯಲ್ಲಿ ನೋವಿನ ಮುಲಾಮು, ಗ್ರೈಪ್ ವಾಟರ್, ಪ್ಯಾರಸಿಟಮಾಲ್‌ನಂಥವು ಬರುತ್ತವೆ, ವಾಂತಿ ಮಾತ್ರೆ ಬರುವುದಿಲ್ಲ. ಪ್ರೊಮೆಥಾಜಿನ್ ಸೇರಿರುವುದು ನಿಯಮಗಳ ‘ಜಿ’ ಪಟ್ಟಿಗೆ. ವೈದ್ಯರ ಮೇಲ್ವಿಚಾರಣೆ ಇಲ್ಲದೆ ತೆಗೆದುಕೊಳ್ಳುವುದು ಅಪಾಯ ಎಂದು ಅದರ ಮೇಲೆ ಮುದ್ರಿಸಲೇಬೇಕು. ಬಸ್ ನಿಲ್ದಾಣದ ಬೀಡಿ ಅಂಗಡಿಗೆ ಈ ವ್ಯಾಪಾರದಲ್ಲಿ ಸಿಗುವುದು ಪುಡಿಗಾಸು, ಹೆಚ್ಚುಕಡಿಮೆ ಆದರೆ ಸುತ್ತಿಕೊಳ್ಳುವುದು ಕೋರ್ಟು.

ಬದಲಿಗೆ ಶುಂಠಿ ಪೆಪ್ಪರ್‌ಮೆಂಟ್ ಮಾರಿ, ಯಾರೂ ಬೇಡವೆನ್ನುವುದಿಲ್ಲ. ಶುಂಠಿ ಕೆಲವರಿಗೆ ವಾಕರಿಕೆ ತಗ್ಗಿಸುತ್ತದೆ, ಎಲ್ಲರಿಗೂ ನಾಟುತ್ತದೆಂಬ ಭರವಸೆ ಇಲ್ಲ, ನಿದ್ದೆಯಂತೂ ತರುವುದಿಲ್ಲ.

ಮಾತ್ರೆ ಬೇಡ ಎನ್ನುವವರಿಗೆ ಸೀಟೇ ಮೊದಲ ಔಷಧಿ. ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ಮುಂದೆ ಕುಳಿತು, ಗಾಜಿನಾಚೆ ದೂರದ ರಸ್ತೆಯನ್ನೋ ಗುಡ್ಡದ ಅಂಚನ್ನೋ ನೋಡಿದರೆ ಕಣ್ಣು ಕಿವಿಯ ಮಾತಿಗೆ ಹೂಂಗುಟ್ಟುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ತಲೆಯನ್ನು ಸೀಟಿಗೆ ಒರಗಿಸಿ ಅಲುಗದಂತೆ ಇಡಬೇಕು. ಹೊಟ್ಟೆ ಬಿರಿಯ ಮಸಾಲೆದೋಸೆಯೂ ಬೇಡ, ಬರೀ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ಪೇಪರಿನ ಮೇಲೆ ಕೂತರೆ ವಾಂತಿ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಪತ್ರಿಕೆಯ ಮಾರಾಟದ ದೃಷ್ಟಿಯಿಂದ ಅದನ್ನು ವಿರೋಧಿಸಲು ಮನಸ್ಸಿಲ್ಲ, ಆದರೆ ಅದಕ್ಕೆ ಆಧಾರವೂ ಇಲ್ಲ. ಅದೇ ಪತ್ರಿಕೆಯನ್ನು ತಿರುವಿನಲ್ಲಿ ಓದುತ್ತಾ ಕೂತರೆ ಮಾತ್ರ ವಾಂತಿ ಖಂಡಿತ.

ಇನ್ನು ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವವರ ವಿಷಯ. ಆರು ಗಂಟೆಗೆ ನುಂಗಿದ ಪ್ರೊಮೆಥಾಜಿನ್‌ನ ಪ್ರಭಾವ ಮಧ್ಯಾಹ್ನ ದಾಟಿಯೂ ಉಳಿದಿರುತ್ತದೆ. ಘಾಟಿ ಹತ್ತುವ ಬಸ್ಸಿಗೆಂದು ಇನ್ನೊಂದಕ್ಕೆ ಕೈ ಹಾಕುವ ಮೊದಲು ಮಣಿಪಾಲದಲ್ಲೋ ಉಡುಪಿಯಲ್ಲೋ ಔಷಧಿ ಅಂಗಡಿಯ ಫಾರ್ಮಸಿಸ್ಟರಿಗೆ ಬೆಳಗಿನ ಪಟ್ಟಿ ತೋರಿಸಿ ಕೇಳಿ. ಅದಕ್ಕಾಗಿಯಾದರೂ ಪೂರ್ತಿ ಪಟ್ಟಿಯನ್ನೇ ಕೊಂಡು ಜೇಬಿನಲ್ಲಿಟ್ಟುಕೊಂಡಿರಬೇಕು. ಅಂದು ಆಸ್ಪತ್ರೆಯಲ್ಲಿ ಹೊಸ ಮಾತ್ರೆ ಬರೆಸಿಕೊಂಡಿದ್ದರೆ ಅಲ್ಲಿಯ ಡಾಕ್ಟರಿಗೂ ತಿಳಿಸಿ. ರಾತ್ರಿ ಎಂಟಕ್ಕೆ ಶಿವಮೊಗ್ಗದಲ್ಲಿ ಇಳಿದಾಗ, ಬೆಳಿಗ್ಗೆ ನಿಲ್ಲಿಸಿ ಹೋದ ಸ್ಕೂಟರ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತದೆ. ಅದು ಒಂದು ರಾತ್ರಿ ಅಲ್ಲೇ ಇರಲಿ, ಬಾಡಿಗೆ ಹತ್ತೋ ಇಪ್ಪತ್ತೋ ಹೆಚ್ಚಾದೀತು. ಆಟೋ ಹತ್ತಿ, ಇಲ್ಲವೇ ಮಗನಿಗೆ ಫೋನ್ ಮಾಡಿ.